ಹೊಳೆ ದಾಟುವ ದಾರಿ

ಹೋದ ಬೇಸಿಗೆಯಲ್ಲಿ ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ಮನೆಗೆ ಬಂದಿದ್ದಳು. ಎಂಟನೆಯ ತರಗತಿಯಲ್ಲಿ ಭೂಪಟದ ಮೇಲೆ ತುಂಗಭದ್ರೆಯನ್ನು ತೋರಿಸು ಎಂದರೆ ಕೋಲನ್ನು ಗೋದಾವರಿಯ ಮೇಲಿಟ್ಟು ನಗುತ್ತಿದ್ದ ಹುಡುಗಿ. ಈಗ ಗಂಡನ ಜೊತೆ ಐಸ್‌ಲ್ಯಾಂಡ್ ನೋಡಲು ಹೊರಟಿದ್ದಳು. ಉತ್ತರ ಧ್ರುವದ ಕಡೆಗಿರುವ ದ್ವೀಪ ಅದು. ವಿಸ್ತಾರದಲ್ಲಿ ನಮ್ಮ ಕರ್ನಾಟಕದ ಅರ್ಧಕ್ಕಿಂತ ತುಸು ಹೆಚ್ಚು, ಜನಸಂಖ್ಯೆ ಮಾತ್ರ ನಾಲ್ಕು ಲಕ್ಷದ ಆಸುಪಾಸು. ಬೇಸಿಗೆಯಲ್ಲಿ ರಾತ್ರಿಯಾದರೂ ಕತ್ತಲಾಗುವುದಿಲ್ಲವಂತೆ. "ಟೀಚರ್, ಅಲ್ಲಿ ದೀಪ ಹಚ್ಚುವ ಹೊತ್ತು ಯಾವುದು ಅಂತ ಹೇಗೆ ತಿಳಿಯೋದು?" ಎಂದು ಅವಳು ಕೇಳಿದಾಗ, ಬಿಎಡ್ ಪಾಠಗಳಲ್ಲಿ ಇದಕ್ಕೆ ಉತ್ತರವಿರಲಿಲ್ಲವೆಂದು ನಾನೂ ನಕ್ಕೆ.

ಅವಳ ಚೀಲದಲ್ಲಿ ಒಂದು ಪುಟ್ಟ ಪುಸ್ತಕವಿತ್ತು. ಹೇಗೆ ಹೋಗಬೇಕು, ಎಲ್ಲಿ ಇಳಿಯಬೇಕು, ಯಾವ ನಾಣ್ಯ ನಡೆಯುತ್ತದೆ, ಎಷ್ಟು ಬಟ್ಟೆ ಒಯ್ಯಬೇಕು ಎಂಬ ವಿವರಗಳೆಲ್ಲ ಅದರಲ್ಲಿದ್ದವು. ಚಹಾಕ್ಕೆ ಹಾಲು ಕಾಯಿಸುತ್ತ ನಾನೂ ನಾಲ್ಕು ಪುಟ ತಿರುವಿದೆ. ಒಂದು ಕಡೆ ಕೈ ನಿಂತುಬಿಟ್ಟಿತು. ಆ ದೇಶದ ನಡುಭಾಗದಲ್ಲಿ ಸೇತುವೆ ಇಲ್ಲದ ಹೊಳೆಗಳುಂಟಂತೆ. ಮಧ್ಯಾಹ್ನದ ಬಿಸಿಲಿಗೆ ಹಿಮದ ಗಡ್ಡೆ ಕರಗಿ ನೀರು ಏರುವುದರಿಂದ ಬೆಳಗಿನ ಹೊತ್ತೇ ದಾಟಬೇಕು. ಒಬ್ಬರೇ ದಾಟಬಾರದು. ನೀರಿನ ಆಳ ಗೊತ್ತಿಲ್ಲದಿದ್ದರೆ ಸುಮ್ಮನೆ ಹಿಂದಿರುಗಬೇಕು. ಇದು ನನ್ನ ಅಜ್ಜಿಯ ಮಾತು! ಊರು ಬೇರೆ, ಹೊಳೆ ಬೇರೆ, ಅಷ್ಟೇ. ಹಾಲು ಉಕ್ಕಿ ಒಲೆಗೆ ಹರಿದದ್ದು ನನಗೆ ಆಮೇಲೆ ಗೊತ್ತಾಯಿತು.

ಹುಡುಗಿ ಹೋದ ಮೇಲೂ ಆ ಪುಸ್ತಕ ಮನಸ್ಸಿನಲ್ಲಿ ಉಳಿಯಿತು. ಸಾವಿರಾರು ಮೈಲಿ ದೂರದ ದ್ವೀಪದ ಹೊಳೆಯನ್ನು ಹೇಗೆ ದಾಟಬೇಕೆಂದು ಹೊಸಪೇಟೆಯ ಅಡಿಗೆಮನೆಯಲ್ಲಿ ನಿಂತು ಓದಬಹುದು. ನಮ್ಮ ಮನೆಯಿಂದ ಹದಿನೈದು ಕಿಲೋಮೀಟರೂ ಆಗದ ಹೊಳೆಯನ್ನು ದಾಟುವ ದಾರಿಯನ್ನು ನಮ್ಮ ಹೆಂಗಸರಿಗಾಗಿ ಬರೆದಿಟ್ಟವರು ಯಾರು? ಹಂಪಿಯ ಮೇಲೆ ಪುಸ್ತಕಗಳು ಬೇಕಾದಷ್ಟಿವೆ. ಕಲ್ಲಿನ ರಥದ ಚಿತ್ರವಿಲ್ಲದ ಕ್ಯಾಲೆಂಡರು ನಮ್ಮ ಕಡೆ ಅಪರೂಪ. ಆದರೆ ಹೊಳೆಯನ್ನು ಎಲ್ಲಿ ದಾಟಬೇಕು, ಯಾವಾಗ ದಾಟಬಾರದು ಎಂಬ ಒಂದು ಮಾತು ಸಮಯಕ್ಕೆ ಗೊತ್ತಿರದೆ ನಾನು ಕಳೆದುಕೊಂಡದ್ದು ಸಣ್ಣದಲ್ಲ. ಅದನ್ನು ಆಮೇಲೆ ಹೇಳುತ್ತೇನೆ. ಮೊದಲು ಊರುಗಳ ಪರಿಚಯವಾಗಲಿ.

ಹೊಸಪೇಟೆಯ ರೈಲು ನಿಲ್ದಾಣದಲ್ಲಿ ಇಳಿದು ನಿಂತಿದ್ದೀರೆಂದು ತಿಳಿಯಿರಿ. ದಕ್ಷಿಣಕ್ಕೆ ಸುಮಾರು 30 ಕಿಲೋಮೀಟರು ಹೋದರೆ ಬೆಟ್ಟಗಳ ನಡುವೆ ಸಂಡೂರು. ಪೂರ್ವಕ್ಕೆ ಸುಮಾರು ಅಷ್ಟೇ ದೂರ ಹೋದರೆ ಗದ್ದೆ, ಬಾಳೆತೋಟಗಳ ಕಂಪ್ಲಿ. ಕಮಲಾಪುರದ ಮೇಲೆ ಹಾಯ್ದು 13 ಕಿಲೋಮೀಟರು ಹೋದರೆ ಹಂಪಿ. ಹಂಪಿಯ ಬಂಡೆಗಳ ಬುಡದಲ್ಲಿ ಹೊಳೆ. ಹೊಳೆಯ ಆಚೆ, ಉತ್ತರ ದಂಡೆಯಲ್ಲಿ ಆನೆಗೊಂದಿ. ಇವತ್ತಿನ ಲೆಕ್ಕದಲ್ಲಿ ಇವು ಮೂರು ಜಿಲ್ಲೆಗಳಿಗೆ ಸೇರಿವೆ. ಹೊಸಪೇಟೆ, ಹಂಪಿಗಳು 2021ರಲ್ಲಿ ಆದ ವಿಜಯನಗರ ಜಿಲ್ಲೆಗೆ, ಸಂಡೂರು, ಕಂಪ್ಲಿಗಳು ಬಳ್ಳಾರಿಗೆ, ಆನೆಗೊಂದಿ ಕೊಪ್ಪಳಕ್ಕೆ. ಮೂರು ಜಿಲ್ಲೆ ಎಂದರೆ ನಮ್ಮ ಮಕ್ಕಳು ಮುಖ ಸಿಂಡರಿಸುತ್ತಾರೆ. ನನ್ನ ಅಜ್ಜಿಯ ಕಾಲದಲ್ಲಿ ಇವು ಮೂರು ಸರಕಾರಗಳಾಗಿದ್ದವು.

ಈ ವಿಷಯವನ್ನು ನಾನು ಮೊದಲು ಪಾಠ ಮಾಡಿದ್ದು ಸಂಡೂರಿನಲ್ಲಿ, ನನ್ನ ನೌಕರಿಯ ಮೊದಲ ವರ್ಷಗಳಲ್ಲಿ. ಸಂಡೂರು ಘೋರ್ಪಡೆ ಮನೆತನದ ಪುಟ್ಟ ಸಂಸ್ಥಾನವಾಗಿತ್ತು. 1949ರಲ್ಲಿ ಮದರಾಸು ಪ್ರಾಂತಕ್ಕೆ ಸೇರಿತು. 1934ರಲ್ಲಿ ಗಾಂಧೀಜಿ ಅಲ್ಲಿಗೆ ಬಂದುಹೋಗಿದ್ದರು. ಹೊಸಪೇಟೆ, ಹಂಪಿ, ಕಂಪ್ಲಿಗಳು ಬಳ್ಳಾರಿ ಜಿಲ್ಲೆಯ ಊರುಗಳಾಗಿ ಮದರಾಸಿನ ಇಂಗ್ಲಿಷ್ ಆಡಳಿತದಲ್ಲಿದ್ದವು. ಹೊಳೆಯ ಆಚೆಯ ಆನೆಗೊಂದಿ ಹೈದರಾಬಾದಿನ ನಿಜಾಮರ ರಾಜ್ಯ. ಹಾಗಾಗಿ ತುಂಗಭದ್ರೆ ಬರಿಯ ಹೊಳೆಯಲ್ಲ, ಗಡಿ. ವಿಜಯನಗರದ ಅರಸರ ಕಾಲದಲ್ಲಿ ಎರಡೂ ದಂಡೆ ಒಂದೇ ಊರಿನ ಎರಡು ಓಣಿಗಳಂತೆ ಇದ್ದವು. ಬ್ರಿಟಿಷರ ಕಾಲಕ್ಕೆ ಬರುವಷ್ಟರಲ್ಲಿ ಆ ಓಣಿ ಈ ಓಣಿಗೆ ಪರದೇಶವಾಗಿತ್ತು.

ನನ್ನ ಅಜ್ಜಿ, ಎಂದರೆ ತಾಯಿಯ ತಾಯಿ, ಕಂಪ್ಲಿಯವಳು. ಹದಿನಾಲ್ಕನೆಯ ವಯಸ್ಸಿಗೆ ಆನೆಗೊಂದಿಗೆ ಮದುವೆಯಾಗಿ ಹೋದಳು. ಕಂಪ್ಲಿಯಿಂದ ಎರಡು ಹರಿದಾರಿಯಾಚೆಗೆ ಹೋಗಲಿಲ್ಲ, ಆದರೆ ಪರರಾಜ್ಯಕ್ಕೆ ಹೋದಳು! ಕಂಪ್ಲಿಯ ಘಾಟಿನಲ್ಲಿ ಹರಿಗೋಲು ಹತ್ತಿ ಆಚೆ ದಂಡೆಯಲ್ಲಿ ಇಳಿದರೆ ನಿಜಾಮರ ಕರೋಡಗಿರಿ ನಾಕಾ. ಅಲ್ಲಿ ಸುಂಕದವರು ಗಂಟು ಬಿಚ್ಚಿಸುತ್ತಿದ್ದರು. ತವರಿನಿಂದ ತಂದ ಸೀರೆ ಉಟ್ಟದ್ದೋ ಮಾರುವುದೋ ಎಂದು ಕೇಳುತ್ತಿದ್ದರಂತೆ. "ಉಟ್ಟದ್ದು ಅಂತ ತೋರಿಸೋಕೆ ಹೊಸ ಸೀರೀನ ಒಂದು ಸಲ ಸುತ್ತಿಕೊಂಡೇ ದಾಟ್ತಿದ್ವಿ" ಎಂದು ಅಜ್ಜಿ ಹೇಳುವಾಗ ಅವಳ ಕಣ್ಣಲ್ಲಿ ಹುಡುಗಾಟ ಕಾಣುತ್ತಿತ್ತು. ಅಲ್ಲಿಯ ರೂಪಾಯಿಯೂ ಬೇರೆ. ಅದಕ್ಕೆ ಹಾಲಿ ಸಿಕ್ಕಾ ಎಂದು ಹೆಸರು, ಮೇಲೆ ಚಾರ್‌ಮಿನಾರಿನ ಚಿತ್ರ. ಅಂಥ ಒಂದು ನಾಣ್ಯವನ್ನು ಅಜ್ಜಿ ಕೊನೆಯವರೆಗೂ ಸೆರಗಿನ ಗಂಟಿನಲ್ಲಿ ಇಟ್ಟುಕೊಂಡಿದ್ದಳು. ಅದು ಎಲ್ಲಿಯೂ ನಡೆಯದ ನಾಣ್ಯವಾದ ಮೇಲೂ ಬಿಡಲಿಲ್ಲ. "ಹೊಳಿ ದಾಟಿದ್ದಕ್ಕೆ ಸಾಕ್ಷಿ" ಎನ್ನುತ್ತಿದ್ದಳು.

1948ರಲ್ಲಿ ಅಜ್ಜಿ ಚೊಚ್ಚಲ ಹೆರಿಗೆಗೆ ಕಂಪ್ಲಿಗೆ ಬಂದಿದ್ದಳು. ಆ ವರ್ಷ ಹೈದರಾಬಾದ್ ಸಂಸ್ಥಾನದಲ್ಲಿ ರಜಾಕಾರರ ಹಾವಳಿ. ಆಚೆ ದಂಡೆಯಿಂದ ಹೆಂಗಸರು ಮಕ್ಕಳನ್ನು ಕಟ್ಟಿಕೊಂಡು ಈಚೆಗೆ ಬಂದು ನೆಂಟರ ಮನೆಗಳಲ್ಲಿ ಉಳಿದ ಸಂಸಾರಗಳು ಎಷ್ಟೋ. ನನ್ನ ತಾಯಿ ಹುಟ್ಟಿ ಮೂರು ತಿಂಗಳಾದರೂ ಅಜ್ಜ ಮಗಳ ಮುಖ ನೋಡಿರಲಿಲ್ಲ. ಸೆಪ್ಟೆಂಬರಿನಲ್ಲಿ ಭಾರತದ ಸೇನೆ ಹೋಗಿ, 17ರಂದು ನಿಜಾಮರು ಶರಣಾದ ಮೇಲೆ ಅಜ್ಜ ಹೊಳೆ ದಾಟಿ ಬಂದರು. ನಮ್ಮ ಇತಿಹಾಸ ಪುಸ್ತಕದಲ್ಲಿ ಅದಕ್ಕೆ ಪೊಲೀಸ್ ಕಾರ್ಯಾಚರಣೆ ಎಂದು ಹೆಸರು, ನಾಲ್ಕು ಸಾಲಿನ ಟಿಪ್ಪಣಿ. ನಮ್ಮ ಮನೆಯಲ್ಲಿ ಅದಕ್ಕೆ "ಅಜ್ಜ ಕೂಸನ್ನು ಎತ್ತಿಕೊಂಡ ದಿನ" ಎಂದು ಹೆಸರು. 1953ರಲ್ಲಿ ಬಳ್ಳಾರಿ ಕಡೆಯ ನಾವು ಮೈಸೂರು ರಾಜ್ಯಕ್ಕೆ ಸೇರಿದೆವು, 1956ರ ನವೆಂಬರ್ 1ರಂದು ಆನೆಗೊಂದಿಯವರೂ ಬಂದು ಕೂಡಿಕೊಂಡರು. ಅಷ್ಟಾಗುವ ಹೊತ್ತಿಗೆ ಅಜ್ಜಿ ಮೂರು ಮಕ್ಕಳ ತಾಯಿ. ತವರು, ಗಂಡನ ಮನೆ ಎರಡೂ ಒಂದೇ ರಾಜ್ಯದಲ್ಲಿ ಬಂದದ್ದಕ್ಕೆ ಅವಳಿಗಾದ ಲಾಭವೇನು ಎಂದು ಕೇಳಿದರೆ, "ಗಂಟು ಬಿಚ್ಚೋದು ತಪ್ಪಿತು" ಎಂದಿಷ್ಟೇ ಹೇಳುತ್ತಿದ್ದಳು.

ಇನ್ನು ಈ ಹೊಳೆಯ ದಾರಿಯನ್ನು ಬರೆದಿಟ್ಟವರ ಕಡೆ ಬರೋಣ. ಬರೆದವರಲ್ಲಿ ಹೆಸರಾದವರು ಹೊರಗಿನವರೇ. ಪರ್ಷಿಯದ ಅಬ್ದುರ್ ರಜಾಕ್ ಹೇರಾತದ ದೊರೆ ಶಾರುಖನ ರಾಯಭಾರಿಯಾಗಿ 1443ರ ಏಪ್ರಿಲ್ ಕೊನೆಯಲ್ಲಿ ವಿಜಯನಗರಕ್ಕೆ ಬಂದ. ಪಾಪ, ಹಡಗಿನ ವಾಸನೆ ಮೂಗಿಗೆ ಬಡಿದದ್ದೇ ಮೂರ್ಛೆ ಹೋಗಿ ಮೂರು ದಿನ ಉಸಿರೊಂದೇ ಆಡುತ್ತಿತ್ತೆಂದು ತಾನೇ ಬರೆದುಕೊಂಡಿದ್ದಾನೆ. ಕಲ್ಲಿಕೋಟೆಯಿಂದ ಸಮುದ್ರದ ಮೇಲೆ ಮಂಗಳೂರಿಗೆ, ಅಲ್ಲಿಂದ ಘಟ್ಟ ಹತ್ತಿ ರಾಜಧಾನಿಗೆ ಅವನ ದಾರಿ. ಇಳಿಯಲು ಮನೆ ಸಿಕ್ಕಿತು. ದಿನದ ಪಡಿಯ ಲೆಕ್ಕವನ್ನೂ ಅವನು ಬಿಟ್ಟಿಲ್ಲ: ಎರಡು ಕುರಿ, ನಾಲ್ಕು ಜೊತೆ ಕೋಳಿ, ಐದು ಮಣ ಅಕ್ಕಿ, ಒಂದು ಮಣ ಬೆಣ್ಣೆ, ಒಂದು ಮಣ ಸಕ್ಕರೆ, ಜೊತೆಗೆ ಎರಡು ವರಾಹ. ಒಂದು ಮಣ ಬೆಣ್ಣೆ ದಿನಕ್ಕೆ! ಅದನ್ನು ಕಾಯಿಸಿ ತುಪ್ಪ ಮಾಡಿಟ್ಟ ಕೈ ಯಾರದೋ. ಈ ಊರಿನವರು ಗುಲಾಬಿ ಹೂವನ್ನು ಅನ್ನದಷ್ಟೇ ಅವಶ್ಯವೆಂದು ತಿಳಿದಿದ್ದಾರೆ ಎಂದೂ ಅವನು ಬರೆದ. ಹೊಸಪೇಟೆಯ ಹೂವಿನ ಅಂಗಡಿಯ ಮುಂದೆ ಶುಕ್ರವಾರ ಸಂಜೆ ನಿಂತವರಿಗೆ ಈ ಮಾತು ಹಳೆಯದಾಯಿತೆಂದು ಅನಿಸುವುದಿಲ್ಲ.

ಅವನಿಗಿಂತ ಮೊದಲು, 1420ರ ಸುಮಾರಿಗೆ, ವೆನಿಸ್ಸಿನ ವ್ಯಾಪಾರಿ ನಿಕೊಲೊ ಕೊಂಟಿ ಬಂದಿದ್ದ. ಅವನ ತಿರುಗಾಟದಲ್ಲಿ ಹೆಂಡತಿ ಮಕ್ಕಳೂ ಜೊತೆಯಾದರು. ಊರಿಗೆ ಮರಳುವ ದಾರಿಯಲ್ಲಿ ಈಜಿಪ್ಟಿನಲ್ಲಿ ಆಕೆಯೂ ಇಬ್ಬರು ಮಕ್ಕಳೂ ಪ್ಲೇಗಿಗೆ ತುತ್ತಾದರು. ಕೊಂಟಿಯ ಹೆಸರು ನಮ್ಮ ಪಠ್ಯಪುಸ್ತಕದಲ್ಲಿ ಇದೆ. ದೇಶದೇಶದ ಹೊಳೆಗಳನ್ನು ದಾಟಿದ ಆ ಹೆಂಗಸಿನ ಹೆಸರನ್ನು ಮಕ್ಕಳು ಕೇಳಿದರೆ ಹೇಳಲು ನನ್ನ ಬಳಿ ಇಲ್ಲ.

ಹೊಳೆಯ ಮಾತನ್ನು ಚೆನ್ನಾಗಿ ಬರೆದವನು ಪೋರ್ಚುಗೀಸರ ಡೊಮಿಂಗೊ ಪಾಯೆಸ್. ಕೃಷ್ಣದೇವರಾಯನ ಕಾಲದಲ್ಲಿ, 1520ರ ಸುಮಾರಿಗೆ ಬಂದವನು. ಆಚೆ ದಂಡೆಯಲ್ಲಿ ಆನೆಗೊಂದಿ ಇದೆ, ಹಿಂದೆ ಅದೇ ರಾಜಧಾನಿಯಾಗಿತ್ತು, ಈಗ ಜನ ಕಡಿಮೆ ಎಂದು ಹೇಳಿ, ಅಲ್ಲಿಗೆ ಹೋಗುವ ದೋಣಿಯನ್ನು ವರ್ಣಿಸುತ್ತಾನೆ. ಬುಟ್ಟಿಯಂತೆ ದುಂಡಗೆ, ಒಳಗೆ ಬಿದಿರಿನ ಹೆಣಿಗೆ, ಹೊರಗೆ ಚರ್ಮದ ಹೊದಿಕೆ, ಹದಿನೈದು ಇಪ್ಪತ್ತು ಜನ ಹಿಡಿಸುತ್ತಾರೆ, ಬೇಕಾದರೆ ಕುದುರೆ, ಎತ್ತುಗಳನ್ನೂ ಸಾಗಿಸಬಹುದು, ಆದರೆ ಅವು ಈಜಿಕೊಂಡು ಬರುವುದೇ ಹೆಚ್ಚು, ಹುಟ್ಟು ಹಾಕಿದಷ್ಟೂ ದೋಣಿ ಗಿರಗಿರ ತಿರುಗುತ್ತದೆ, ನೆಟ್ಟಗೆ ಹೋಗದು. ಐನೂರು ವರ್ಷದ ಮೇಲೆ ಇದಕ್ಕೆ ನಾನು ಸೇರಿಸಬೇಕಾದದ್ದು ಒಂದೇ: ಚರ್ಮದ ಬದಲು ಈಗ ಪ್ಲಾಸ್ಟಿಕ್ ಹಾಳೆ ಹೊದಿಸಿ ಡಾಂಬರು ಬಳಿಯುತ್ತಾರೆ. ತಿರುಗುವುದು ಮಾತ್ರ ಹಾಗೆಯೇ ಇದೆ. ಕಣ್ಣು ಮುಚ್ಚಿ ಕುಳಿತರೆ ತಲೆ ಸುತ್ತುತ್ತದೆ. ಎದುರು ದಂಡೆಯ ಒಂದು ಬಂಡೆಯನ್ನು ಹುಡುಕಿ ಹುಡುಕಿ ನೋಡುತ್ತಿರಬೇಕು. ಈ ಸಲಹೆ ಪಾಯೆಸನದಲ್ಲ, ಅಜ್ಜಿಯದು.

ಪಾಯೆಸನ ನಂತರ ಬಂದ ಕುದುರೆ ವ್ಯಾಪಾರಿ ನುನೀಜ್ ಒಂದು ಸಂಗತಿ ಹೇಳುತ್ತಾನೆ. ಅರಮನೆಯೊಳಗಿನ ಖರ್ಚುವೆಚ್ಚವನ್ನೆಲ್ಲ ಬರೆದಿಡುವವರು ಹೆಂಗಸರು. ರಾಜ್ಯದ ವ್ಯವಹಾರಗಳನ್ನು ಬರೆದು, ಹೊರಗಿನ ಕರಣಿಕರ ಪುಸ್ತಕದೊಡನೆ ತಾಳೆ ನೋಡುವವರೂ ಹೆಂಗಸರೇ. ಇದನ್ನು ತರಗತಿಯಲ್ಲಿ ಹೇಳಿದ ದಿನ ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದು ನಿಂತು, "ಆ ಪುಸ್ತಕ ಎಲ್ಲಿವೆ ಟೀಚರ್?" ಎಂದು ಕೇಳಿದಳು. ಮೂವತ್ತು ವರ್ಷದ ಪಾಠದಲ್ಲಿ ನನ್ನನ್ನು ಅಷ್ಟು ಸುಮ್ಮನಾಗಿಸಿದ ಪ್ರಶ್ನೆ ಇನ್ನೊಂದಿಲ್ಲ. ಹದಿನಾಲ್ಕನೆಯ ಶತಮಾನದ ಗಂಗಾದೇವಿ ತನ್ನ ಗಂಡ ಕುಮಾರ ಕಂಪಣನ ಮಧುರೆಯ ದಂಡಯಾತ್ರೆಯನ್ನು ಸಂಸ್ಕೃತ ಕಾವ್ಯವಾಗಿ ಬರೆದಳು, ಅದು ಉಳಿದಿದೆ. ಆದರೆ ಲೆಕ್ಕದ ಪುಸ್ತಕ, ದಾರಿಯ ಲೆಕ್ಕ, ಅಡಿಗೆಯ ಲೆಕ್ಕ ಇವನ್ನು ಜೋಪಾನ ಮಾಡಬೇಕೆಂದು ಯಾರಿಗೂ ತೋಚುವುದಿಲ್ಲ. ಬರೆದ ಹೆಂಗಸರದೇ ಹೀಗಾದರೆ, ಬಾಯಲ್ಲಿ ಹೇಳಿಕೊಂಡು ಬಂದ ನನ್ನ ಅಜ್ಜಿಯಂಥವರ ಗತಿಯೇನು?

ಇನ್ನು ನನ್ನ ಕಥೆ. 1990ರ ದಶಕದ ಒಂದು ಶ್ರಾವಣ. ನಾನು ಮದುವೆಯಾಗಿ ಹೊಸಪೇಟೆಯಲ್ಲಿದ್ದೆ. ಬೆಳಿಗ್ಗೆ ಏಳಕ್ಕೆ ಎದುರು ಮನೆಯ ಫೋನಿಗೆ ಆನೆಗೊಂದಿಯಿಂದ ಸುದ್ದಿ ಬಂತು: ಅಜ್ಜಿಗೆ ಜಾಸ್ತಿಯಾಗಿದೆ, ನಿನ್ನ ಹೆಸರು ಹೇಳುತ್ತಿದ್ದಾಳೆ. ನಾನು ಮಗುವನ್ನು ಅತ್ತೆಯ ಕೈಗೆ ಕೊಟ್ಟು, ಒಂದು ಸೀರೆ ಚೀಲಕ್ಕೆ ಹಾಕಿಕೊಂಡು, ಯಾವಾಗಲೂ ಹೋಗುವ ದಾರಿಯನ್ನೇ ಹಿಡಿದೆ. ಕಮಲಾಪುರ ದಾಟಿ ತಳವಾರಘಟ್ಟಕ್ಕೆ ಹೋಗಿ ಹರಿಗೋಲು ಹತ್ತುವುದು. ಹತ್ತು ನಿಮಿಷದಲ್ಲಿ ಆಚೆ ದಂಡೆ. ಒಂಬತ್ತಕ್ಕೆ ಘಾಟಿನಲ್ಲಿದ್ದೆ.

ಹೊಳೆ ಕೆಂಪಗೆ, ದಂಡೆಯಿಂದ ದಂಡೆಗೆ. ಮಲೆನಾಡಿನಲ್ಲಿ ಮಳೆ ಹೊಯ್ದು ಅಣೆಕಟ್ಟಿನ ಬಾಗಿಲು ತೆರೆದಿದ್ದರು. ಹರಿಗೋಲುಗಳನ್ನು ಬಂಡೆಯ ಮೇಲೆ ಬೋರಲು ಹಾಕಿದ್ದರು. ಅಂಬಿಗನೊಬ್ಬ ಬೀಡಿ ಸೇದುತ್ತ ಕುಳಿತಿದ್ದ. "ಮಧ್ಯಾಹ್ನಕ್ಕೆ ಇಳಿದರೂ ಇಳಿಯಬಹುದಕ್ಕ" ಎಂದ. ಅವನದು ತಪ್ಪಲ್ಲ, ಅತ್ತ ಮುಖ ಮಾಡಿ ನಿಂತ ಹೆಂಗಸಿಗೆ ಯಾರಾದರೂ ಅಷ್ಟೇ ಹೇಳುತ್ತಾರೆ. ನಾನು ಕಾದೆ.

ಹನ್ನೊಂದರ ಸುಮಾರಿಗೆ ಆಚೆ ದಂಡೆಯಲ್ಲಿ ನನ್ನ ಸೋದರಮಾವ ಕಾಣಿಸಿದರು. ನೀರಿನ ಸದ್ದಿನಲ್ಲಿ ಅವರ ಕೂಗು ನನಗೆ ಕೇಳಲಿಲ್ಲ, ನನ್ನದು ಅವರಿಗೆ ಕೇಳಲಿಲ್ಲ. ಅವರು ಹೆಗಲ ಮೇಲಿನ ಟವೆಲು ತೆಗೆದು ಮೇಲಕ್ಕೆ, ಹೊಳೆ ಬರುವ ದಿಕ್ಕಿಗೆ, ಮತ್ತೆ ಮತ್ತೆ ಬೀಸಿದರು. ಮೇಲಿನ ನೀರು ಇಳಿಯುತ್ತಿದೆ, ಅಲ್ಲೇ ಇರು ಎನ್ನುತ್ತಿದ್ದಾರೆಂದು ನಾನು ತಿಳಿದೆ. ತಲೆಯಾಡಿಸಿ ಬಂಡೆಯ ಮೇಲೆ ಕುಳಿತೆ. ಅವರು ಇನ್ನೂ ಜೋರಾಗಿ ಬೀಸಿದರು, ಆಮೇಲೆ ಕೈಚೆಲ್ಲಿ ಹೊರಟುಹೋದರು.

ಎರಡು ಗಂಟೆಗೂ ನೀರು ಇಳಿಯಲಿಲ್ಲ. ಕುರಿ ಕಾಯುವ ಮುದುಕಿಯೊಬ್ಬಳು ಬಂದು, "ಹೊಳಿ ತುಂಬಿದಾಗ ಇಲ್ಲಿ ಯಾಕೆ ಕುಂತೀಯವ್ವಾ? ಡ್ಯಾಮಿನ ಕಡೆಯಿಂದ ಸುತ್ತಿ ಹೋಗಬೇಕಲ್ಲ" ಎಂದಳು. ಮಾವ ತೋರಿಸುತ್ತಿದ್ದದ್ದು ಆಗ ಅರ್ಥವಾಯಿತು. ಹೊಳೆಯ ಮೇಲ್ಗಡೆಗೆ ಹೋಗು, ಮುನಿರಾಬಾದಿನ ಸೇತುವೆ ದಾಟಿ ಗಂಗಾವತಿಯ ಮೇಲೆ ಸುತ್ತಿ ಬಾ ಎಂದು ಅವರು ಹೇಳುತ್ತಿದ್ದರು. ನಾನು ಹೊಸಪೇಟೆಗೆ ಮರಳಿ, ಗಂಗಾವತಿಯ ಬಸ್ಸು ಹಿಡಿದು, ಅಲ್ಲಿಂದ ಟೆಂಪೋದಲ್ಲಿ ಆನೆಗೊಂದಿಗೆ ಬಂದಾಗ ದೀಪ ಹಚ್ಚಿದ್ದರು. ಅಜ್ಜಿಯ ತಲೆಯ ಹತ್ತಿರವೂ ಒಂದು ದೀಪ ಹಚ್ಚಿದ್ದರು. ಮೂರು ಗಂಟೆಯ ಸುಮಾರಿಗೆ ಹೋದಳಂತೆ. ಬೆಳಿಗ್ಗೆ ನೇರವಾಗಿ ಆ ಬಸ್ಸಿಗೇ ಹೋಗಿದ್ದರೆ ಮಧ್ಯಾಹ್ನದೊಳಗೆ ಅವಳ ಕೈ ಹಿಡಿದಿರುತ್ತಿದ್ದೆ.

ಬಿಎ ಓದಿದವಳು ನಾನು. ಅಬ್ದುರ್ ರಜಾಕ್ ಯಾವ ತಿಂಗಳಲ್ಲಿ ಬಂದ ಎಂದು ನಿದ್ದೆಯಲ್ಲಿ ಕೇಳಿದರೂ ಹೇಳುತ್ತಿದ್ದೆ. ತುಂಬಿದ ಹೊಳೆಗೆ ಸುತ್ತುದಾರಿ ಯಾವುದೆಂದು ಆ ಹೊತ್ತಿಗೆ ಹೊಳೆಯಲಿಲ್ಲ. ಅಂದಿನಿಂದ ದಾರಿಯ ವಿವರಗಳನ್ನು ಕ್ಷುಲ್ಲಕ ಎನ್ನುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ.

ನೀವು ಕೇಳಬಹುದು, ಸೇತುವೆ ಕಟ್ಟಿದರೆ ಆಯಿತಲ್ಲ? ವಿಜಯನಗರದವರಿಗೂ ಅದು ತೋಚಿತ್ತು. ವಿಠ್ಠಲ ದೇವಸ್ಥಾನದ ಹತ್ತಿರ ಹೊಳೆಯಲ್ಲಿ ಹಳೆಯ ಸೇತುವೆಯ ಕಲ್ಲುಕಂಬಗಳ ಸಾಲು ಇನ್ನೂ ನಿಂತಿದೆ. ಮೇಲಿನ ಹಾಸು ಹೋಗಿ ಕಾಲಗಳಾದವು. ನಮ್ಮ ಕಾಲದಲ್ಲಿ ತಳವಾರಘಟ್ಟದಿಂದ ಆನೆಗೊಂದಿಗೆ ವಾಹನದ ಸೇತುವೆ, ವಿರೂಪಾಪುರ ಗಡ್ಡೆಗೆ ಕಾಲುಸೇತುವೆ ಶುರುವಾದವು. 1986ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ್ದ ಹಂಪಿಯನ್ನು ಈ ಸೇತುವೆಗಳ ಕಾರಣದಿಂದ 1999ರಲ್ಲಿ ಯುನೆಸ್ಕೊ ಅಪಾಯದಲ್ಲಿರುವ ತಾಣಗಳ ಪಟ್ಟಿಗೆ ಹಾಕಿತು. 2006ರಲ್ಲಿ ಆ ಪಟ್ಟಿಯಿಂದ ಬಿಡಿಸಿತು. ಭಾರದ ಲಾರಿಗಳು ಗುಡಿಗಳ ನಡುವೆ ಹಾಯುತ್ತವೆಂಬ ಭಯ ಸುಳ್ಳಲ್ಲ. ಆಚೆ ದಂಡೆಯ ಬಾಣಂತಿಗೆ ಆಸ್ಪತ್ರೆ ಬೇಕೆಂಬುದೂ ಸುಳ್ಳಲ್ಲ. ಎರಡರ ನಡುವೆ ವರ್ಷಗಟ್ಟಲೆ ನಿಂತಿದ್ದ ಆನೆಗೊಂದಿಯ ಸೇತುವೆ 2009ರ ಜನವರಿಯಲ್ಲಿ ಕೆಲಸ ನಡೆಯುತ್ತಿರುವಾಗಲೇ ಕುಸಿದು, ಕೂಲಿಗೆ ಬಂದವರು ಪ್ರಾಣ ಕಳೆದುಕೊಂಡರು. ಆ ಸುದ್ದಿ ಬಂದ ದಿನ ನಾನು ತಳವಾರಘಟ್ಟದ ಅದೇ ಬಂಡೆಯನ್ನು ನೆನೆದೆ. ನನಗಾದರೆ ಸುತ್ತುದಾರಿಯಾದರೂ ಇತ್ತು.

ಈಗ ಪುಸ್ತಕದ ಆ ಪುಟಗಳಂತೆ ನಾನೂ ನಾಲ್ಕು ಮಾತು ಬರೆಯುತ್ತೇನೆ. ನೀವು ನಾಲ್ವರು ಗೆಳತಿಯರು ಕೂಡಿ ಬಂದರೆ ಉಪಯೋಗವಾದೀತು.

ಬರುವುದಾದರೆ ಅಕ್ಟೋಬರಿನಿಂದ ಫೆಬ್ರವರಿಯೊಳಗೆ ಬನ್ನಿ. ಬಳ್ಳಾರಿ ಸೀಮೆಯ ಬೇಸಿಗೆ 40 ಡಿಗ್ರಿ ದಾಟುತ್ತದೆ, ಹಂಪಿಯ ಬಂಡೆಗಳು ಸಂಜೆಯಾದರೂ ಹೆಂಚಿನಂತೆ ಕಾದಿರುತ್ತವೆ. ಗುಡಿಯ ಅಂಗಳದಲ್ಲಿ ಚಪ್ಪಲಿ ಬಿಡಬೇಕಾದದ್ದರಿಂದ ದರ್ಶನವನ್ನು ಬೆಳಿಗ್ಗೆ ಒಂಬತ್ತರೊಳಗೆ ಮುಗಿಸಿ. ನೂಲಿನ ಸೀರೆ, ಕೊಡೆ, ನೀರು, ಒಂದಿಷ್ಟು ಅವಲಕ್ಕಿ ಜೊತೆಗಿರಲಿ. ವಸತಿಗೆ ಹೊಸಪೇಟೆ ಅಥವಾ ಕಮಲಾಪುರ ಅನುಕೂಲ. ಕಮಲಾಪುರದ ಹಳೆಯ ಪ್ರವಾಸಿ ಬಂಗಲೆ ಒಂದು ಶಿವಾಲಯವನ್ನೇ ಮಾರ್ಪಡಿಸಿ ಮಾಡಿದ್ದು. ದೇವರು ತೆರವಾದ ಕಡೆ ದೊರೆಗಳು ಮಲಗಿದರು! ಆಚೆ ವಿರೂಪಾಪುರ ಗಡ್ಡೆಯಲ್ಲಿ ಹಿಂದೆ ವಿದೇಶಿಯರ ವಸತಿಗೃಹಗಳು ಬಹಳ ಇದ್ದವು. ಸುಪ್ರೀಂ ಕೋರ್ಟಿನ ತೀರ್ಪಿನ ಮೇಲೆ 2020ರ ಮಾರ್ಚಿನಲ್ಲಿ ಅವನ್ನು ತೆಗೆಸಿದರು. ಹಳೆಯ ಪುಸ್ತಕ ನಂಬಿ ಅಲ್ಲಿ ಕೋಣೆ ಹುಡುಕಬೇಡಿ.

ಆನೆಗೊಂದಿಗೆ ಹೋಗದೆ ಮರಳಬೇಡಿ. ಗಗನ ಮಹಲು, ರಂಗನಾಥನ ಗುಡಿ, ಹುಚ್ಚಪ್ಪಯ್ಯನ ಮಠದ ಕರಿಕಲ್ಲಿನ ಕಂಬಗಳು, ಪಂಪಾ ಸರೋವರ ನೋಡಿ. ಅಂಜನಾದ್ರಿಗೆ 575 ಮೆಟ್ಟಿಲು. ಮಂಡಿನೋವಿನವರು ಕೆಳಗೇ ಕೈಮುಗಿದರೆ ಹನುಮಪ್ಪ ಬೇಸರಿಸುವುದಿಲ್ಲ. ಹೊಳೆಯ ನಡುಗಡ್ಡೆಯಲ್ಲಿ ನವಬೃಂದಾವನ. ವ್ಯಾಸರಾಯರೂ ಸೇರಿ ಒಂಬತ್ತು ಮಂದಿ ಯತಿಗಳ ಬೃಂದಾವನಗಳಿರುವ ಅಲ್ಲಿಗೆ ದೋಣಿಯೇ ಗತಿ. ಊರಿನಲ್ಲಿ 1997ರಲ್ಲಿ ಆರಂಭವಾದ ಕಿಷ್ಕಿಂಧಾ ಟ್ರಸ್ಟಿನ ಆಸರೆಯಲ್ಲಿ ಹೆಂಗಸರು ಬಾಳೆನಾರಿನ ಚೀಲ, ಬುಟ್ಟಿ ಹೆಣೆಯುತ್ತಾರೆ. ಇನ್ನೊಂದು ದಿನವಿದ್ದರೆ ಸಂಡೂರಿಗೆ ಹೋಗಿ ಲಂಬಾಣಿ ಕಸೂತಿ ನೋಡಿ. 2010ರಲ್ಲಿ ಅದಕ್ಕೆ ಭೌಗೋಳಿಕ ಗುರುತಿನ ಮಾನ್ಯತೆ ಸಿಕ್ಕಿದೆ.

ಇನ್ನು ದಾಟುವ ದಾರಿ. ನೀರು ಕಡಿಮೆ ಇದ್ದಾಗ ಹರಿಗೋಲಿನ ಸುಖ ಬೇರೆಯೇ. ಆದರೆ ಅಂದು ಬಿಡುತ್ತಾರೋ ಇಲ್ಲವೋ ಎಂದು ಮೊದಲು ಘಾಟಿನಲ್ಲಿ ವಿಚಾರಿಸಿ. ಜೀವರಕ್ಷಕ ಅಂಗಿ ಕೇಳಿ ತೊಡಿ; ಸೀರೆಯ ಮೇಲೆ ಚೆನ್ನಾಗಿ ಕಾಣುವುದಿಲ್ಲವೆಂದು ಬಿಡಬೇಡಿ. ಮಂದಿ ಹೆಚ್ಚಾಗಿದ್ದರೆ ಮುಂದಿನ ಹರಿಗೋಲಿಗೆ ಕಾಯಿರಿ. ಈಚಿನ ವರ್ಷಗಳಲ್ಲಿ ಬುಕ್ಕಸಾಗರದಿಂದ ಕಡೇಬಾಗಿಲಿಗೆ ಸೇತುವೆಯಾಗಿರುವುದರಿಂದ ವಾಹನದವರಿಗೆ ಹತ್ತಿರವಾಗಿದೆ. ಮಳೆಗಾಲದಲ್ಲಿ ಎಲ್ಲಕ್ಕೂ ಮೊದಲು ಅಣೆಕಟ್ಟಿನ ಸುದ್ದಿ ಕೇಳಿ. 1945ರಲ್ಲಿ ಮದರಾಸಿನವರೂ ಹೈದರಾಬಾದಿನವರೂ ಎರಡೂ ದಂಡೆಯಲ್ಲಿ ಅಡಿಗಲ್ಲಿಟ್ಟು 1953ರಲ್ಲಿ ಮುಗಿಸಿದ ತುಂಗಭದ್ರಾ ಅಣೆಕಟ್ಟಿಗೆ 33 ಬಾಗಿಲುಗಳು. ಅವು ತೆರೆದರೆ ಹಂಪಿಯ ಪುರಂದರ ಮಂಟಪ ಮುಳುಗುತ್ತದೆ, ನವಬೃಂದಾವನಕ್ಕೆ ದಾರಿ ಇಲ್ಲ, ನೀರು ಬಹಳವಾದರೆ ಕಂಪ್ಲಿಯ ಸೇತುವೆಯ ಮೇಲೂ ಹರಿದು ಗಂಗಾವತಿಯ ಸಂಚಾರ ನಿಲ್ಲುತ್ತದೆ. 2024ರ ಆಗಸ್ಟ್ 10ರ ರಾತ್ರಿ ಹತ್ತೊಂಬತ್ತನೆಯ ಬಾಗಿಲು ಕೊಚ್ಚಿಹೋದಾಗ ಕೆಳಗಿನ ಊರುಗಳೆಲ್ಲ ನಿದ್ದೆಗೆಟ್ಟು ಕುಳಿತಿದ್ದೆವು. ನಮ್ಮ ಹೊಳೆಯ ವೇಳಾಪಟ್ಟಿ ಆ ಬಾಗಿಲುಗಳ ಕೈಯಲ್ಲಿದೆ.

ಹೊಳೆ ತುಂಬಿದ್ದರೆ ಘಾಟಿನಲ್ಲಿ ಕಾಯಬೇಡಿ. ಹೊಸಪೇಟೆಗೆ ಮರಳಿ ಮುನಿರಾಬಾದಿನ ದಾರಿ ಹಿಡಿಯಿರಿ. ದೂರವಾದರೂ ತಲುಪುತ್ತೀರಿ.

ಮೊನ್ನೆ ಇದನ್ನೆಲ್ಲ ಬರೆದು ತಾಯಿಗೆ ಓದಿ ಹೇಳಿದೆ. ಅವಳಿಗೂ ಈಗ ಎಪ್ಪತ್ತೇಳು ದಾಟಿದೆ. ಮುಗಿಯುವತನಕ ಸುಮ್ಮನಿದ್ದು, ಇಷ್ಟು ವರ್ಷ ಹೇಳದ ಒಂದು ಮಾತು ಹೇಳಿದಳು. ಆ ಮಧ್ಯಾಹ್ನ ಅಜ್ಜಿಗೆ ಒಮ್ಮೆ ಎಚ್ಚರವಾಯಿತಂತೆ. ನಾನು ಬಂದೆನೇ ಎಂದು ಕೇಳಲಿಲ್ಲ. "ಹೊಳಿ ಹೆಂಗೈತಿ?" ಎಂದಳಂತೆ. ತುಂಬಿದೆ ಎಂದರೆ, "ಹಂಗಾದ್ರ ಆಕಿಗೆ ದಾಟಬ್ಯಾಡ ಅಂತ ಹೇಳ್ರಿ" ಎಂದು ಕಣ್ಣು ಮುಚ್ಚಿದಳಂತೆ.